ನಾಲ್ಕು ಗಂಟಿನ ಉಚ್ಚಂಗೆವ್ವ

ಉಚ್ಚಂಗೆವ್ವನ ಮುತ್ತಜ್ಜ ಭರಮಣ್ಣ ಊರಿನ ಬೀಜ ಕಾಯ್ದವನು. ಸುಗ್ಗಿ ಇನ್ನೂ ದೂರವಿರುವಾಗಲೇ ಹೊಲ ಹೊಲ ತಿರುಗಿ, ಕಾಳು ಒತ್ತಾಗಿ ತುಂಬಿದ ಜೋಳದ ತೆನೆ ಕಂಡರೆ ಅದಕ್ಕೆ ಪುಂಡಿ ನಾರು ಕಟ್ಟಿ ಬರುತ್ತಿದ್ದ. ಅವನು ನಾರು ಕಟ್ಟಿದ ತೆನೆಯನ್ನು ಹೊಲದ ಧಣಿಯೂ ಮುರಿಯುವ ಹಾಗಿರಲಿಲ್ಲ. ಒಮ್ಮೆ ಅವನ ಸ್ವಂತ ಅಳಿಯನೇ ಅಂಥ ತೆನೆ ಮುರಿದು ಸುಟ್ಟು ತಿಂದನಂತೆ. ಭರಮಣ್ಣ ಮೂರು ವರ್ಷ ಮಗಳ ಮನೆಯಲ್ಲಿ ನೀರು ಮುಟ್ಟಲಿಲ್ಲ. ಅವನ ಸೊಸೆ ಬಸವಣ್ಣೆವ್ವ ಹತ್ತಿಯವಳು. ಜವಾರಿ ಹತ್ತಿಯ ಬೀಜವನ್ನು ಗಿಡಕ್ಕೊಂದು ಗಂಟಿನಂತೆ ಉಡಿಯಲ್ಲಿ ಕಟ್ಟಿಕೊಂಡು ಹೊಸರಿತ್ತಿಗೆ ನಡೆದು ಹೋಗುತ್ತಿದ್ದಳು. ಅಲ್ಲಿ ನೂಲುವವರ ಕೈಯಲ್ಲಿ ಯಾವ ಗಿಡದ ಎಳೆ ಹರಿಯದೆ ಬಂತೋ ಆ ಗಿಡದ ಬೀಜವನ್ನಷ್ಟೇ ತಿರುಗಿ ತರುತ್ತಿದ್ದಳು. ಉಳಿದದ್ದು ದನದ ಬಾನಿಗೆ.

ಬಸವಣ್ಣೆವ್ವನ ಮಗಳು ನೀಲವ್ವ. ಅವಳ ಕಾಲಕ್ಕೆ ರಾಣೆಬೆನ್ನೂರಿನಿಂದ ಬೀಜದ ಕಂಪನಿಯವರು ಜೀಪಿನಲ್ಲಿ ಬಂದರು. ಹೊಲದ ಒಂದು ಬದಿಗೆ ಗಂಡು ಗಿಡ, ಇನ್ನೊಂದು ಬದಿಗೆ ಹೆಣ್ಣು ಗಿಡ. ಹೆಣ್ಣು ಗಿಡದ ಮೊಗ್ಗು ಬಿಡಿಸಿ, ಗಂಡು ಗಿಡದ ಹೂವು ತಂದು ಮುಟ್ಟಿಸಿ ಹತ್ತಿಯ ಹೈಬ್ರಿಡ್ ಬೀಜ ಮಾಡಿಸುವ ಕೆಲಸ. ಊರವರ ಬಾಯಲ್ಲಿ ಅದು ಸೀಡ್ಸ್ ಪ್ಲಾಟು. ಹೂ ಬಿಡುವ ಮೊದಲೇ ಸಾಲಿನಲ್ಲಿ ಸೇರಿಕೊಂಡ ಬೇರೆ ತಳಿಯ ಬೆರಕೆ ಗಿಡ ಯಾವುದು ಎಂದು ಹುಡುಕಿ ಕಿತ್ತೊಗೆಯಬೇಕು. ಒಂದು ಉಳಿದರೂ ಬೀಜವೆಲ್ಲ ಕೆಟ್ಟಂತೆ. ನೀಲವ್ವ ಹರೆಯದ ಹುರುಪಿನಲ್ಲಿ ಒಂದು ದಿನ ನಡುಬಿಸಿಲಿಗೆ ಬಾಡಿದ ಎಲೆಯನ್ನು ಬೆರಕೆಯೆಂದು ಬಗೆದು ನಲವತ್ತು ಒಳ್ಳೆಯ ಗಿಡ ಕಿತ್ತಳು. ಸಂಜೆಗೆ ಅಕ್ಕಪಕ್ಕದ ಗಿಡಗಳು ತಲೆ ಎತ್ತಿದವು. ಕಿತ್ತವು ಏಳಲಿಲ್ಲ.

ಆವತ್ತಿನಿಂದ ನೀಲವ್ವ ಒಂದು ಕಟ್ಟಳೆ ಮಾಡಿದಳು. ಕೆಂಪು ಸೀರೆ ಹರಿದು ಗೇಣುದ್ದದ ಚಿಂದಿ ಮಾಡಬೇಕು. ಗಿಡದ ಮೇಲೆ ಸಂಶಯ ಬಂದರೆ ಮೊದಲ ಮುಂಜಾನೆ ಒಂದೇ ಚಿಂದಿ ಕಟ್ಟಬೇಕು. ಒಂದು ಚಿಂದಿ ಸಾವಿನ ಗುರುತಲ್ಲ. ಈ ಗಿಡವನ್ನು ನೋಡಿಕೊಳ್ಳಿ ಎಂದಷ್ಟೇ ಅದರ ಅರ್ಥ. ಎಡಗಡೆ ಟೊಂಗೆಗೆ ಇದ್ದರೆ ನೀರು ಸಾಲದು, ಬುಡಕ್ಕೆ ಇದ್ದರೆ ಹುಳ ಬಿದ್ದಿದೆ. ಎರಡನೆಯ ಮುಂಜಾನೆಯೂ ಬೆರಕೆಯೆಂದೇ ಕಂಡರೆ ಮೊದಲ ಚಿಂದಿಯ ತುದಿಗೆ ಎರಡನೆಯದನ್ನು ಗಂಟು ಹಾಕಬೇಕು. ಹೀಗೆ ನಾಲ್ಕು ಮುಂಜಾನೆ, ನಾಲ್ಕು ಗಂಟು. ಬಾಲದ ಹಾಗೆ ನಾಲ್ಕು ಚಿಂದಿ ಜೋತು ಬಿದ್ದ ಗಿಡವನ್ನು ಮಾತ್ರ ಹಿಂದೆ ಬರುವ ಆಳುಗಳು ಕೀಳುತ್ತಾರೆ. ಕಿತ್ತ ಮೇಲೆ ಚಿಂದಿ ಬಿಚ್ಚಿ, ಬಾವಿಯ ಹತ್ತಿರ ತೊಳೆದು, ಬೇಲಿಗೆ ಹಾಕಿ ಒಣಗಿಸಿ, ಮರುದಿನ ಮತ್ತೆ ಕಟ್ಟುವುದು. ಗಿಡ ಹೋಗುತ್ತದೆ, ಚಿಂದಿ ಉಳಿಯುತ್ತದೆ. ಇನ್ನೂ ಒಂದು ಮಾತು: ಕಟ್ಟುವವಳು ಒಬ್ಬಳಾದರೆ ಬಿಚ್ಚುವ ಅಧಿಕಾರ ಇನ್ನೊಬ್ಬಳಿಗೆ. ಅವಳು ಹಿಂದಿನಿಂದ ಬಂದು ನೋಡಿ, ಅಲ್ಲ ಎನಿಸಿದರೆ ಯಾರನ್ನೂ ಕೇಳದೆ ಬಿಚ್ಚಬಹುದು.

ಕಟ್ಟುವ ಕೈ ನೀಲವ್ವನಿಂದ ಮಗಳು ಉಚ್ಚಂಗೆವ್ವನಿಗೆ ಬಂತು. ಬಿಚ್ಚುವ ಕೈ ಜೈತೂನಬಿಯದು.

ಇಬ್ಬರೂ ಒಂದೇ ಊರಿನವರು, ದೇವರಗುಡ್ಡಕ್ಕೆ ಹೋಗುವ ಹಾದಿಯ ಬಲಕ್ಕೆ ಇರುವ ಸಣ್ಣ ಊರು. ಇಬ್ಬರ ಹಿತ್ತಿಲುಗಳ ನಡುವೆ ಒಂದು ಬೇಲಿ. ಮೂವತ್ತು ವರ್ಷ ಸುತ್ತಲಿನ ನಾಲ್ಕು ಊರಿನ ಪ್ಲಾಟುಗಳನ್ನು ಜೋಡಿಯಾಗಿ ತುಳಿದರು. ಉಚ್ಚಂಗೆವ್ವ ಮುಂದೆ, ಸೊಂಟದಲ್ಲಿ ಕೆಂಪು ಚಿಂದಿಯ ಕಟ್ಟು. ಹತ್ತು ಹೆಜ್ಜೆ ಹಿಂದೆ ಜೈತೂನಬಿ, ಬಾಯಲ್ಲಿ ಎಲೆ ಅಡಿಕೆ. ಪ್ಲಾಟಿನ ಆಳುಗಳಿಗೆ ಊಟದ ಹೊತ್ತಿಗೆ ಇವರಿಬ್ಬರ ಜಗಳ ಕೇಳುವುದೇ ಒಂದು ಮೋಜು.

"ಮೂರನೇ ಸಾಲಿನ್ಯಾಂವ ನಿನಗೇನ್ ಮಾಡಿದ್ದ ಯಕ್ಕಾ? ಅಂವಗ ಯಾಕ ಕಟ್ಟಿದಿ?"

"ದೇಟು ಕೆಂಪ ಐತಿ, ಕಾಣಲಿಲ್ಲೇನ ನಿನಗ?"

"ಕೆಂಪ ಇಲ್ಲ, ಮಣ್ಣ ಹತ್ತಿತ್ತ. ಉಗುಳು ಹಚ್ಚಿ ಒರಸೇನಿ. ಬಿಚ್ಚೇನಿ."

ಜೈತೂನಬಿಯ ಗಂಡ ಮಲ್ಲಿಕಸಾಬ ಬುತ್ತಿ ತಂದವನು ಬದುವಿನ ಮೇಲೆ ಕೂತು ನಗುತ್ತಿದ್ದ. "ಒಬ್ಬಾಕಿ ಫಾಶಿಗೆ ಹಾಕ್ತಾಳ, ಒಬ್ಬಾಕಿ ಬಿಡಸತಾಳ. ಹಾವೇರಿ ಕೋರ್ಟಿಗೆ ಯಾಕ ಹೋಗಬೇಕು, ನ್ಯಾಯ ಇಲ್ಲೇ ಸಿಗತೈತಿ."

ಉಚ್ಚಂಗೆವ್ವ ಮೇಲೆ ಸಿಟ್ಟು ತೋರಿಸಿದರೂ ಒಳಗೆ ನೆಮ್ಮದಿಯಾಗಿದ್ದಳು. ಹಿಂದೆ ಬಿಚ್ಚುವವಳು ಇದ್ದಾಳೆ ಎಂಬ ಧೈರ್ಯಕ್ಕೇ ಅವಳ ಕಣ್ಣು ಅಷ್ಟು ಚುರುಕಾಗಿತ್ತು. ಆದರೆ ಹೆಸರು ಬಂದದ್ದು ಕಟ್ಟುವವಳಿಗೆ ಮಾತ್ರ. ಕಂಪನಿಯ ಸಾಹೇಬರು ಬಂದರೆ ಉಚ್ಚಂಗೆವ್ವನನ್ನೇ ಕೇಳುತ್ತಿದ್ದರು. ನಾಲ್ಕು ಗಂಟಿನ ಉಚ್ಚಂಗೆವ್ವ ಎಂದರೆ ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಮಂದಿಯ ಮಾತು ದಿನಾ ಕಿವಿಗೆ ಬಿದ್ದರೆ ಅದು ಎಲ್ಲೋ ಒಳಗೆ ಇಳಿದು ಕೂರುತ್ತದೆ. ಅವಳಲ್ಲಿಯೂ ಕೂತಿತು.

ನಾಲ್ಕು ವರ್ಷದ ಹಿಂದೆ ಜೈತೂನಬಿ ತನ್ನ ಸ್ವಂತ ಒಂದು ಎಕರೆ ಹೊಲದಲ್ಲಿ ಪ್ಲಾಟು ಹಿಡಿದಳು. ಮೂವತ್ತು ವರ್ಷ ಬೇರೆಯವರ ಹೊಲ ಕಾಯ್ದವಳಿಗೆ ಇದೊಂದು ಹಂಬಲವಿತ್ತು. ಗಿಡ ಮೊಣಕಾಲೆತ್ತರ ಬಂದಾಗ ರಸ ಹೀರುವ ಹುಳ ಕಾಣಿಸಿತು. ಔಷಧ ಹೊಡೆಯಲು ಹೋದರೆ ಅವರ ಪಂಪಿನ ವಾಶರ್ ಹರಿದಿತ್ತು. ಮಲ್ಲಿಕಸಾಬ ಬೇಲಿಯ ಆಚೆಯಿಂದಲೇ ಉಚ್ಚಂಗೆವ್ವನ ಪಂಪು ಕೇಳಿದ. ಅದೇ ವಾರ ಅವಳ ಮಗ ಮೈಲೇಶ ಗೋವಿನಜೋಳದಲ್ಲಿ ಕಳೆ ಸಾಯಲೆಂದು ಹೊಸದಾಗಿ ಬಂದ ಕಸದ ಎಣ್ಣೆ ಹೊಡೆದಿದ್ದ. ಉಚ್ಚಂಗೆವ್ವ ತನ್ನ ಕೈಯಾರೆ ಪಂಪಿಗೆ ಎರಡು ಕೊಡ ನೀರು ಹಾಕಿ ಅಲುಗಿಸಿ ಚೆಲ್ಲಿದಳು.

"ತೊಳದೇನಿ, ಒಯ್ಯಪಾ," ಎಂದಳು.

ಹತ್ತು ದಿನದ ಮೇಲೆ ಬೆರಕೆ ನೋಡುವ ಸರದಿ ಬಂತು. ಜೈತೂನಬಿಯದೇ ಹೊಲವಾದ್ದರಿಂದ ಆವತ್ತು ಅವಳು ಬಿಚ್ಚುವ ಹಾಗಿಲ್ಲ. ತನ್ನ ಹೊಲಕ್ಕೆ ತಾನೇ ನ್ಯಾಯ ಹೇಳಬಾರದು. ಬೇರೆ ಯಾರಿಗೂ ಉಚ್ಚಂಗೆವ್ವ ಕಟ್ಟಿದ್ದನ್ನು ಬಿಚ್ಚುವ ಎದೆಯಿರಲಿಲ್ಲ. ಹಿಂದಿನ ದಿನವೇ ಕೂಲಿಗೆ ಹೋಗುವ ಟೆಂಪೋದಲ್ಲಿ ಹೆಂಗಸರು ಪಿಸುಗುಟ್ಟಿದ್ದು ಉಚ್ಚಂಗೆವ್ವನ ಕಿವಿಗೆ ಬಿದ್ದಿತ್ತು.

"ನಾಳೆ ಗೆಳತಿ ಹೊಲ. ಉಚ್ಚಂಗೆವ್ವನ ಕಣ್ಣು ಮಂಜಾಗತಾವ ನೋಡ."

ಆ ಮಾತು ಮುಳ್ಳಿನ ಹಾಗೆ ಚುಚ್ಚಿಕೊಂಡೇ ಅವಳು ಹೊಲಕ್ಕೆ ಇಳಿದಳು. ಹೆಣ್ಣು ಗಿಡದ ಎಲೆ ಅಂಗೈಯಷ್ಟು ಅಗಲ ಇರಬೇಕು, ಗಂಡು ಗಿಡದ್ದು ಕೋಳಿಯ ಕಾಲಿನ ಹಾಗೆ ಸೀಳು. ಮೊದಲ ಸಾಲಿನಲ್ಲಿ ನಿಂತು ನೋಡಿದರೆ ಹೆಣ್ಣು ಗಿಡಗಳ ಚಿಗುರೆಲ್ಲ ಕೋಳಿ ಕಾಲು. ಎರಡನೆಯ ಸಾಲೂ ಹಾಗೆಯೇ. ಮೂರನೆಯದೂ. ಹಿಂದೆ ನಿಂತ ಹೆಂಗಸರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಒಂದು ಚಿಂದಿ ಕಟ್ಟಿದಳು. ಅದರ ತುದಿಗೆ ಎರಡನೆಯದು. ಮೂರನೆಯದು. ನಿಂತ ನಿಲುವಿನಲ್ಲೇ ನಾಲ್ಕನೆಯದು. ಗಿಡದಿಂದ ಗಿಡಕ್ಕೆ ಹಾಗೆಯೇ ಕಟ್ಟುತ್ತ ಹೋದಳು.

ಬದುವಿನ ಮೇಲಿದ್ದ ಜೈತೂನಬಿ ಎದ್ದು ನಿಂತಳು. "ಉಚ್ಚಕ್ಕಾ, ಇನ್ನೂ ಒಂದ ಮುಂಜಾನಿ ಆಗೈತಿ."

"ಒಂದ ಸಾಕು. ಕಣ್ಣಿಗೆ ಹೊಡದ್ಹಂಗ ಕಾಣಾಕತ್ತೈತಿ. ಬೀಜಾ ಎಲ್ಲಿಂದು ಹಾಕೀದಿ ಜೈತು?"

ಅಷ್ಟು ಕೇಳಿದ್ದೇ ಸಾಕಾಯಿತು. ಅಂಥ ಮಾತನ್ನು ಅವಳು ಯಾರಿಗೂ, ಬದ್ಧ ವೈರಿಗೂ ಕೇಳಿರಲಿಲ್ಲ. ಜೈತೂನಬಿ ಬದುವಿನ ಮೇಲೆ ಮತ್ತೆ ಕುಳಿತಳು. ಸಂಜೆಗೆ ಕಂಪನಿಯ ಸಾಹೇಬ ಬಂದ, ಜೋತು ಬಿದ್ದ ಚಿಂದಿ ಎಣಿಸಿದ, ಇಡೀ ಪ್ಲಾಟು ರದ್ದು ಎಂದ. ಮೂರನೆಯ ದಿನ ಟ್ರ್ಯಾಕ್ಟರ್ ಬಂದು ಗಿಡಗಳನ್ನೆಲ್ಲ ಮಣ್ಣಿಗೆ ಹಾಕಿತು. ಆವತ್ತು ಚಿಂದಿ ಬಿಚ್ಚಿ ತೊಳೆಯಲು ಉಚ್ಚಂಗೆವ್ವ ಹೋಗಲಿಲ್ಲ. ಬೇರೆ ಸೀರೆ ಹರಿದು ಹೊಸ ಚಿಂದಿ ಮಾಡಿಕೊಂಡಳು.

ಕಂಪನಿಯ ಬೀಜವನ್ನು ಬೇರೆಯದರ ಜೊತೆ ಬೆರೆಸಿದವಳು ಎಂಬ ಮಾತು ಜೈತೂನಬಿಗೆ ಅಂಟಿಕೊಂಡಿತು. ಟೆಂಪೋದಲ್ಲಿ ಅವಳ ಪಕ್ಕದ ಜಾಗ ಖಾಲಿ ಉಳಿಯತೊಡಗಿತು. ಬೆರಕಿ ಜೈತೂನಬಿ ಎಂದು ಹೆಸರೇ ಬಿತ್ತು. ಯಾವ ಪ್ಲಾಟಿಗೂ ಯಾರೂ ಕರೆಯಲಿಲ್ಲ. ದೀಪಾವಳಿಯ ಹೊತ್ತಿಗೆ ಗಂಡ ಹೆಂಡತಿ ಹೊಲ ಪಾಲಿಗೆ ಕೊಟ್ಟು ಬ್ಯಾಡಗಿಗೆ, ಮಗಳು ಶಬನಮ್ ಇದ್ದ ಓಣಿಗೆ ಹೋದರು. ಹೋಗುವ ಮೊದಲು ಮಲ್ಲಿಕಸಾಬ ಬಂದು ಪಂಪನ್ನು ಕಟ್ಟೆಯ ಮೇಲೆ ಇಟ್ಟು ಹೋದ. ಕೊಟ್ಟಾಗ ಇದ್ದದ್ದಕ್ಕಿಂತ ಸ್ವಚ್ಛ, ಸಬಕಾರದ ಪುಡಿಯ ವಾಸನೆ ಘಮ್ಮೆನ್ನುತ್ತಿತ್ತು. ತನ್ನ ಮನೆಯ ಸೋಂಕೇ ಬೇಡವೆಂದು ಸಿಟ್ಟಿಗೆ ಹಾಗೆ ತಿಕ್ಕಿದ್ದಾರೆ ಎಂದು ಉಚ್ಚಂಗೆವ್ವ ಬಗೆದಳು. ಬಗೆದು ಅವಳೂ ಬಿಗಿದುಕೊಂಡಳು.

ಆಮೇಲೆ ಬೇರೆ ಯಾವ ಹೊಲದಲ್ಲೂ ಅವಳು ನಾಲ್ಕು ಮುಂಜಾನೆಯ ಕಟ್ಟಳೆ ತಪ್ಪಲಿಲ್ಲ. ಆದರೆ ಹಿಂದೆ ಹತ್ತು ಹೆಜ್ಜೆಗೆ ಯಾರ ಸದ್ದೂ ಇರಲಿಲ್ಲ. ಕಟ್ಟಿದ್ದು ಕಟ್ಟಿದ ಹಾಗೆಯೇ ಇರುತ್ತಿತ್ತು. ಕೆಲವೊಮ್ಮೆ ತಾನು ಕಟ್ಟಿದ ಗಿಡವನ್ನು ತಾನೇ ತಿರುಗಿ ಹೋಗಿ ನೋಡುತ್ತಿದ್ದಳು, ಬಿಚ್ಚುತ್ತಿರಲಿಲ್ಲ. ಅದು ತನ್ನ ಕೆಲಸವಲ್ಲ.

ಈ ವರ್ಷ ಕಂಪನಿಗೆ ಸುಚಿತ್ರಾ ಎಂಬ ಹುಡುಗಿ ಸೂಪರ್ವೈಸರ್ ಆಗಿ ಬಂದಳು. ಹಾವೇರಿಯವಳು, ಕೃಷಿ ಕಾಲೇಜಿನಲ್ಲಿ ಕಲಿತವಳು. ತಲೆಗೆ ಟೋಪಿ, ಕಾಲಿಗೆ ಬೂಟು, ಬಾಯಿ ಮಾತ್ರ ಓಣಿಯದು. ಆಗಸ್ಟಿನಲ್ಲಿ ದೇವರಗುಡ್ಡದ ಹತ್ತಿರದ ಪ್ಲಾಟಿಗೆ ಇಬ್ಬರೂ ಇಳಿದರು. ಉಚ್ಚಂಗೆವ್ವ ನಾಲ್ಕನೆಯ ಹೆಜ್ಜೆಗೆ ನಿಂತುಬಿಟ್ಟಳು. ಹೆಣ್ಣು ಗಿಡಗಳ ಚಿಗುರಿನಲ್ಲಿ ಅದೇ ಕೋಳಿ ಕಾಲು. ನಾಲ್ಕು ವರ್ಷದ ಹಿಂದೆ ಕಂಡದ್ದೇ.

"ಬೆರಕಿ," ಎಂದು ಚಿಂದಿ ತೆಗೆದಳು.

ಸುಚಿತ್ರಾ ಕೈ ಹಿಡಿಯಲಿಲ್ಲ, ಸುಮ್ಮನೆ ಸಾಲಿನ ಉದ್ದಕ್ಕೂ ನೋಡಿದಳು. "ಅವ್ವಾರ, ನಿಮಗ ಕೇಳಬೇಕಂತ ಮಾಡಿದ್ದೆ. ಬೆರಕಿ ಬೀಜ ಚೀಲದಾಗ ಹೆಂಗ ಇರತಾವ್ರಿ? ಒಂದ ಕಡೆ ಗುಂಪ ಕೂಡಿ ಕುಂತಿರತಾವೋ, ಚೆಲ್ಲಾಪಿಲ್ಲಿ ಇರತಾವೋ?"

"ಚೆಲ್ಲಾಪಿಲ್ಲಿ. ಅಲ್ಲೊಂದು ಇಲ್ಲೊಂದು."

"ಇಲ್ಲಿ ನೋಡ್ರಿ. ಮೊದಲನೇ ಸಾಲು ಪೂರಾ. ಎರಡನೇದು ಸ್ವಲ್ಪ ಕಡಿಮಿ. ಎಂಟನೇದಕ್ಕ ಎಲಿ ಸರಿ ಅದಾವ. ಬೆರಕಿ ಗಿಡ ಹಿಂಗ ಸಾಲು ಹಿಡದು ಬಂದು, ಸಾಲು ಹಿಡದ ಹೋಗತಾವೇನ್ರಿ?"

ಉಚ್ಚಂಗೆವ್ವನ ಕೈಯಲ್ಲಿ ಚಿಂದಿ ಹಾಗೆಯೇ ಉಳಿಯಿತು. ಇಷ್ಟು ವರ್ಷದ ಕಣ್ಣಿಗೆ ಇದು ಕಾಣಬೇಕಿತ್ತು. ಎರಡನೆಯ ಮುಂಜಾನೆ ಹೋಗಿದ್ದರೆ ಆವತ್ತೂ ಕಾಣುತ್ತಿತ್ತು.

"ಪಂಪಿನಾಗ ಕಸದ ಎಣ್ಣಿ ಉಳದಿತ್ತ್ರಿ," ಎಂದಳು ಸುಚಿತ್ರಾ. "ಟೂ ಫೋರ್ ಡಿ ಅಂತಾರ. ಗೋವಿನಜೋಳಕ್ಕ ಹೊಡದು, ಅದ ಪಂಪ್ಲೆ ಇಲ್ಲಿ ಹೊಡದಾರ. ಮೊದಲ ಸಾಲಿಗೆ ಜಾಸ್ತಿ ಬಂತು, ಹೋಗ್ತಾ ಹೋಗ್ತಾ ಪಂಪು ತೊಳಕೊಂತ ಬಂತು. ಹತ್ತಿಗೆ ಆ ಎಣ್ಣಿ ಮೂಗಿಗೆ ತೋರಿಸಿದ್ರೂ ಸಾಕು, ಎಲಿ ಸೊಟ್ಟ ಆಗತೈತಿ."

"ನೀರಾಗ ತೊಳದಿದ್ರ?"

"ಬರೇ ನೀರಿಗೆ ಬಿಡಂಗಿಲ್ರಿ. ನಳಿಕಿ ರಬ್ಬರಿಗೆ ಅಂಟಿರತೈತಿ. ಸಬಕಾರ ಪುಡಿ ಹಾಕಿ ನೆನಸಿಟ್ಟು ತಿಕ್ಕಬೇಕು."

ಉಚ್ಚಂಗೆವ್ವ ಬದುವಿನ ಮೇಲೆ ಕುಳಿತಳು. ಬಿಸಿಲಿಗೆ ದಣಿದಳೆಂದು ತಿಳಿದು ಸುಚಿತ್ರಾ ನೀರಿನ ಬಾಟಲಿ ಕೊಟ್ಟಳು. ಅವಳು ಕುಡಿಯಲಿಲ್ಲ.

"ಎಲಿಗೆ ಹೆಂಗ ಗೊತ್ತಾಗತೈತಿ ತಂಗಿ, ಸೊಟ್ಟ ಆಗಬೇಕಂತ?"

ಆ ಪ್ರಶ್ನೆ ಸುಚಿತ್ರಾಳಿಗೆ ಹಿಡಿಸಿತು. ಅವಳೂ ಕುಳಿತಳು, ಉಚ್ಚಂಗೆವ್ವನ ಸೊಂಟದ ಕಟ್ಟಿನಿಂದ ನಾಲ್ಕು ಚಿಂದಿ ಎಳೆದುಕೊಂಡಳು.

"ಗಿಡದ ಒಳಗೂ ನಿಮ್ಮಂಥವರು ಅದಾರ್ರಿ. ಗಿಡ ಅಂದ್ರ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕೋಣಿ, ಅದಕ್ಕ ಜೀವಕೋಶ ಅಂತೇವಿ. ಒಂದೊಂದು ಕೋಣ್ಯಾಗೂ ಸಾವಿರಾರು ಆಳು ಕೆಲಸ ಮಾಡತಿರತಾವ. ಆ ಆಳಿಗೆ ಪ್ರೋಟೀನ್ ಅಂತ ಹೆಸರು. ಕೆಲಸ ಮುಗದ್ದು, ಕೆಟ್ಟದ್ದು, ಸಾಕಾದದ್ದು ಯಾವುದು ಅಂತ ಗುರುತು ಮಾಡಬೇಕಲ್ರಿ? ಅದಕ್ಕ ಒಂದು ಚಿಂದಿ ಕಟ್ಟತಾವ. ಆ ಚಿಂದಿ ಹೆಸರು ಯೂಬಿಕ್ವಿಟಿನ್. ನಿಮ್ಮ ಮೈಯಾಗೂ ಅದ, ನನ್ನ ಮೈಯಾಗೂ, ಆ ಎತ್ತಿನ ಮೈಯಾಗೂ."

"ಕಟ್ಟಿದ ಕೂಡಲೇ ಕೀಳತಾರ?"

"ಇಲ್ರಿ. ಅಲ್ಲೇ ಮಜಾ ಇರೂದು. ಒಂದ ಚಿಂದಿ ಕಟ್ಟಿದ್ರ ಅದು ಸಾಯಂಗಿಲ್ಲ. ನೀ ಆ ಕೋಣಿಗೆ ಹೋಗು, ನೀ ಸ್ವಲ್ಪ ಸುಮ್ನಿರು, ಇಷ್ಟ ಅದರ ಅರ್ಥ. ಚಿಂದಿಗೆ ಚಿಂದಿ ಕಟ್ಟಿ ಬಾಲ ಉದ್ದ ಆಗಬೇಕು. ಸಾಮಾನ್ಯವಾಗಿ ನಾಕು ಅಂತ ಪುಸ್ತಕದಾಗ ಬರದಾರ."

ಉಚ್ಚಂಗೆವ್ವ ಅವಳ ಮುಖವನ್ನೇ ನೋಡಿದಳು, ಚೇಷ್ಟೆ ಮಾಡುತ್ತಿದ್ದಾಳೆಯೇ ಎಂದು. ಮಾಡುತ್ತಿರಲಿಲ್ಲ.

"ನಾಕು ಆದ ಮ್ಯಾಲ ಒಂದು ಗಿರಣಿ ಐತ್ರಿ, ಪ್ರೋಟಿಯಾಸೋಮ್ ಅಂತ. ಅದು ಬಾಲ ನೋಡಿ ಒಳಗ ಎಳಕೊಂಡು, ತುಂಡ ತುಂಡ ಮಾಡಿ ಆಚೆ ಹಾಕತೈತಿ. ಆ ತುಂಡಲೆ ಹೊಸ ಪ್ರೋಟೀನ್ ಕಟ್ಟತಾವ. ಚಿಂದಿ ಅಷ್ಟ ಗಿರಣ್ಯಾಗ ಹೋಗಂಗಿಲ್ಲ. ಬಾಗಲದಾಗ ಬಿಚ್ಚಿ ಇಟ್ಟಕೊಂಡು ಮತ್ತೊಂದಕ್ಕ ಕಟ್ಟತಾವ."

"ನಮ್ಮವ್ವ ಹೇಳಿ ಕೊಟ್ಟಾಳೇನ ಅವಕ್ಕ?" ಎಂದಳು ಉಚ್ಚಂಗೆವ್ವ. ನಗು ಬರಲಿಲ್ಲ. ಮತ್ತೆ ಕೇಳಿದಳು: "ಬಿಚ್ಚಾಕಿ?"

"ಅದಾಳ್ರಿ. ತಪ್ಪಿ ಕಟ್ಟಿದ್ರ, ಗಿರಣಿ ಮುಟ್ಟೂದರಾಗ ಬಿಚ್ಚಿ ಬದುಕಿಸೂ ಪ್ರೋಟೀನ್ ಬ್ಯಾರೆ ಅದಾವ. ಕಟ್ಟವು ಎಷ್ಟು ಮುಖ್ಯನೋ ಬಿಚ್ಚವೂ ಅಷ್ಟ. ಬಿಚ್ಚೂದು ನಿಂತ್ರ ಗಿಡ ಏನು, ಮನಷ್ಯಾ ಬದುಕೂದೂ ಕಷ್ಟ."

ಮುಂದಿನದನ್ನು ಸುಚಿತ್ರಾ ಎಲೆ ಹರಿದು ತೋರಿಸುತ್ತ ಹೇಳಿದಳು. ಗಿಡ ಕಂಡ ಕಂಡ ಹಾಗೆ ಬೆಳೆಯದಂತೆ ತಡೆದು ಹಿಡಿಯುವ ಕಾವಲುಗಾರ ಪ್ರೋಟೀನುಗಳು ಇರುತ್ತವೆ. ಬೆಳೆಯುವ ಹೊತ್ತು ಬಂದಾಗ ಗಿಡವೇ ಒಂದು ಬೆಳವಣಿಗೆಯ ರಸ ಬಿಡುತ್ತದೆ. ಆ ರಸ ಅಂಟಿನ ಹಾಗೆ. ಕಟ್ಟುವವಳ ಕೈಯನ್ನು ಕಾವಲುಗಾರನ ಕೊರಳಿಗೆ ಹಚ್ಚಿ ಕೂಡಿಸುತ್ತದೆ. ಅವಳು ಚಿಂದಿ ಕಟ್ಟುತ್ತಾಳೆ, ಕಾವಲುಗಾರ ಗಿರಣಿಗೆ ಹೋಗುತ್ತಾನೆ, ಎಲೆ ಒಂದಿಷ್ಟು ಅಗಲವಾಗುತ್ತದೆ. ರಸ ಕಡಿಮೆಯಾದ ಮೇಲೆ ಹೊಸ ಕಾವಲುಗಾರರು ಬರುತ್ತಾರೆ. ದಿನಾ ನಡೆಯುವ ಸಂಸಾರ ಇದು. ಕಸದ ಎಣ್ಣೆ ಆ ರಸದ ವೇಷ ಹಾಕಿಕೊಂಡು ಬರುತ್ತದೆ. ಗೋವಿನಜೋಳ ಅದನ್ನು ಬೇಗ ಮುರಿದು ಹಾಕುತ್ತದೆ. ಹತ್ತಿಗೆ ಅದು ಆಗದು. ಎಣ್ಣೆ ಕಟ್ಟು ಕಟ್ಟು ಎನ್ನುತ್ತಲೇ ಇರುತ್ತದೆ, ಕಟ್ಟುವವಳು ಕಟ್ಟುತ್ತಲೇ ಇರುತ್ತಾಳೆ. ಕಾವಲು ಹೋದ ಎಲೆ ಎಲ್ಲಿ ಅಗಲವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೇ ಮರೆಯುತ್ತದೆ. ಹೆಚ್ಚು ಬಿದ್ದರೆ ಗಿಡ ಬೆಳೆದು ಬೆಳೆದೇ ಸಾಯುತ್ತದೆ.

"ಕಡಿಮಿ ಬಿದ್ರ?"

"ಬದುಕತೈತ್ರಿ. ಮೂರು ನಾಕು ವಾರ ಬಿಡ್ರಿ, ಎಣ್ಣಿ ಸೋರಿ ಹೋಗತೈತಿ, ಕಾವಲುಗಾರರು ತಿರುಗಿ ಬರತಾರ. ಹೊಸ ಎಲಿ ಅಂಗೈ ಅಗಲ ಬರತೈತಿ. ಕಟ್ಟಾಕಿ ತಪ್ಪಲ್ಲ ಅವ್ವಾರ, ಚಿಂದಿ ತಪ್ಪಲ್ಲ. ಆಕಿಗೆ ಸುಳ್ಳು ಹುಕುಂ ಬಂದಿತ್ತು."

ಸುಚಿತ್ರಾಳಿಗೆ ನಾಲ್ಕು ವರ್ಷದ ಹಿಂದಿನದು ತಿಳಿದಿರಲಿಲ್ಲ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು, ಗಿಡದ ಮಾತು. ಆದರೆ ಉಚ್ಚಂಗೆವ್ವ ಅದನ್ನು ತನ್ನ ತಕ್ಕಡಿಯಲ್ಲಿ ತೂಗಿದಳು. ಸುಳ್ಳು ಹುಕುಂ ತನಗೂ ಬಂದಿತ್ತು. ಟೆಂಪೋದಲ್ಲಿ ಇಬ್ಬರು ಹೆಂಗಸರು ಪಿಸುಗುಟ್ಟಿದ್ದು. ಆದರೆ ಎಲೆಯೊಳಗಿನ ಕಟ್ಟುವವಳಿಗೆ ಕಣ್ಣಿಲ್ಲ. ತನಗಿತ್ತು.

ಆ ಪ್ಲಾಟಿನ ಗಿಡಗಳಿಗೆ ಅವಳು ಒಂದೊಂದೇ ಚಿಂದಿ ಕಟ್ಟಿದಳು. ಎರಡನೆಯ ಗಂಟು ಹಾಕಲಿಲ್ಲ. ನಾಲ್ಕನೆಯ ವಾರ ಹೋಗಿ ನೋಡಿದರೆ ಸೊಟ್ಟ ಎಲೆಗಳ ಮೇಲೆ ಹೊಸ ಎಲೆ ಬಂದಿತ್ತು, ಅಗಲಕ್ಕೆ, ಎಳೆ ಹಸಿರು. ಆ ಎಲೆಯ ಮೇಲೆ ತನ್ನ ಅಂಗೈ ಇಟ್ಟು ಅಳೆದಳು. ಸರಿಹೋಯಿತು. ಸಾಲಿನ ಉದ್ದಕ್ಕೂ ಒಬ್ಬಳೇ ಹೋಗಿ ತನ್ನ ಚಿಂದಿಯನ್ನು ತಾನೇ ಬಿಚ್ಚಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ.

ಮನೆಗೆ ಬಂದು ಮೈಲೇಶನನ್ನು ಕೇಳಿದಳು. "ಕಸದ ಎಣ್ಣಿ ಮೊದಲ ವರ್ಷ ಹೊಡದದ್ದು ಯಾವಾಗೋ?"

"ಮಲ್ಲಿಕಸಾಬ ಕಾಕಾ ಪಂಪು ಒಯ್ದನಲ್ಲ, ಆ ವರ್ಷ. ಯಾಕ ಯವ್ವಾ?"

"ಯಾಕಿಲ್ಲ."

ಸುಚಿತ್ರಾಳಿಗೆ ಅವಳು ಎಲ್ಲ ಹೇಳಿದಳು, ಕಂಪನಿಯ ಪುಸ್ತಕದಲ್ಲಿ ಜೈತೂನಬಿಯ ಹೆಸರಿನ ಮುಂದೆ ಬರೆದದ್ದನ್ನು ಹೊಡೆದು ಹಾಕಲು ಬರುತ್ತದೆಯೇ ಎಂದು ಕೇಳಿದಳು. ಸುಚಿತ್ರಾ ಹುಡುಕಿದಳು. ಆ ವರ್ಷದ ಸಾಹೇಬ ಊರು ಬಿಟ್ಟಿದ್ದ, ಪುಸ್ತಕದಲ್ಲಿ ಪ್ಲಾಟು ರದ್ದು ಎಂದಷ್ಟೇ ಇತ್ತು, ಕಾರಣ ಬರೆದೇ ಇರಲಿಲ್ಲ. ಬೆರಕೆ ಎಂಬ ಮಾತು ಬಾಯಿಂದ ಬಾಯಿಗೆ ಮಾತ್ರ ಇತ್ತು. ಅದನ್ನು ಹೊಡೆದು ಹಾಕಲು ಯಾವ ಪೆನ್ನೂ ಇರಲಿಲ್ಲ.

ಉಚ್ಚಂಗೆವ್ವ ಬ್ಯಾಡಗಿಯ ಬಸ್ಸು ಹತ್ತಿದಳು.

ಶಬನಮ್ಮಳ ಓಣಿ ಸಿಗುವುದು ಕಷ್ಟವಾಗಲಿಲ್ಲ. ಮೂಗು ದಾರಿ ತೋರಿಸಿತು. ಒಂದು ತಗಡಿನ ಚಪ್ಪರದ ಕೆಳಗೆ ಮೆಣಸಿನಕಾಯಿಯ ಕೆಂಪು ರಾಶಿ, ಸುತ್ತಲೂ ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದ ಹೆಂಗಸರು. ಒಳಗೆ ಕಾಲಿಟ್ಟದ್ದೇ ಉಚ್ಚಂಗೆವ್ವನಿಗೆ ಘಾಟು ಹತ್ತಿ ಏಳು ಸೀನು ಬಂದವು. ಕಣ್ಣಲ್ಲಿ ನೀರು ಸುರಿಯಿತು. ಚೀಲ ಹೊಲಿಯುತ್ತಿದ್ದ ಮಲ್ಲಿಕಸಾಬ ತಲೆ ಎತ್ತಿದ. ಗಡ್ಡ ಪೂರಾ ಬಿಳಿಯಾಗಿತ್ತು.

"ಉಚ್ಚಕ್ಕ ಬಂದಾಳ ನೋಡ," ಎಂದು ಹೆಂಡತಿಗೆ ಹೇಳಿದ. "ಅಳಾಕತ್ತಾಳೋ, ಮೆಣಸಿನಕಾಯಿ ಅಳಸಾಕತ್ತೈತೋ ತಿಳೀವಲ್ದು."

ಜೈತೂನಬಿ ಕೈ ನಿಲ್ಲಿಸಲಿಲ್ಲ. "ಕುಂದರ ಯಕ್ಕಾ. ಕಣ್ಣ ತಿಕ್ಕಬ್ಯಾಡ, ಇನ್ನಷ್ಟು ಉರೀತಾವ." ಪಕ್ಕದಲ್ಲಿದ್ದ ಸಣ್ಣ ಕೌದಿಯನ್ನು ಅವಳ ಕಡೆಗೆ ಸರಿಸಿದಳು.

ಉಚ್ಚಂಗೆವ್ವ ಕೂರಲು ಹೋದವಳು ಅರ್ಧಕ್ಕೇ ನಿಂತಳು. ಕೌದಿಯ ಮೇಲೆಲ್ಲ ಗೇಣುದ್ದದ ಕೆಂಪು ಪಟ್ಟಿಗಳು, ಒಂದರ ಪಕ್ಕ ಒಂದು, ಸಣ್ಣ ಹೊಲಿಗೆ. ಅದರ ಅಂಚಿನ ಹಳದಿ ಗೆರೆಯನ್ನು ಅವಳು ಗುರುತು ಹಿಡಿದಳು. ಮೈಲೇಶನ ಮದುವೆಯಲ್ಲಿ ಉಟ್ಟ ಸೀರೆ. ಆ ವರ್ಷವೇ ಚಿಂದಿಗೆಂದು ಹರಿದದ್ದು.

"ಟ್ರ್ಯಾಕ್ಟರ್ ಹೋದ ಮ್ಯಾಲ ನಾನ ಆರಿಸಿದೆ," ಎಂದಳು ಜೈತೂನಬಿ. "ಚಿಂದಿ ಮಣ್ಣಿಗೆ ಬಿಡಬಾರದು ಅಂತ ನಿಮ್ಮವ್ವ ಹೇಳತಿದ್ದಳು. ನೀ ಬರಲಿಲ್ಲ."

ಉಚ್ಚಂಗೆವ್ವ ಕೌದಿ ಬಿಟ್ಟು ನೆಲದ ಮೇಲೆ ಕುಳಿತಳು. ಎಣ್ಣೆಯ ಮಾತು, ಸಾಲಿನ ಮಾತು, ಅಂಗೈ ಅಗಲದ ಹೊಸ ಎಲೆಯ ಮಾತು ಎಲ್ಲ ಹೇಳಿದಳು. ಹೇಳುವಾಗ ಅವಳಿಗೆ ತಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. "ನಿನ್ನ ಬೀಜ ಬೆರಕಿ ಇರಲಿಲ್ಲ ಜೈತು. ನನ್ನ ಪಂಪು."

"ಗೊತ್ತೈತಿ."

ಉಚ್ಚಂಗೆವ್ವ ಕಣ್ಣೊರೆಸಿಕೊಂಡು ನೋಡಿದಳು.

"ಹೊಲ ಹರಗಿದ ಮ್ಯಾಲ ಇಂವ ಅದ ಪಂಪ್ಲೆ ಹಿತ್ತಲದಾಗಿನ ಅವರಿ ಬಳ್ಳಿಗೆ ಹೊಡದ," ಎಂದಳು ಜೈತೂನಬಿ. "ಅವರಿ ಎಲೀನೂ ಹಂಗ ಸೊಟ್ಟ ಆತು. ಆವಾಗ ನಳಿಕಿ ಮೂಸಿ ನೋಡಿದಿವಿ. ಅದಕ ತಿಕ್ಕಿ ತೊಳದು ಕೊಟ್ಟದ್ದು. ನಿನ್ನ ಹೊಲಕ್ಕೂ ಹಂಗ ಆಗಬಾರದಂತ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಏನ್ ಆಗತಿತ್ತು? ನನ್ನ ಹೊಲ ಹೋಗಿತ್ತು. ನಿನ್ನ ಕಣ್ಣೂ ಹೋತು ಅಂತ ಊರಾಗ ಡಂಗುರಾ ಹೊಡಸಲೇನು?" ಒಂದು ತೊಟ್ಟು ಮುರಿದು ಬದಿಗೆ ಹಾಕಿದಳು. "ನೀನ ಬಂದು ಕೇಳತಿ ಅಂತ ಇದ್ದೆ. ಎರಡನೇ ಮುಂಜಾನಿ ಬರತಿ ಅಂತ ನೋಡಿದೆ, ಬರಲಿಲ್ಲ. ಇಲ್ಲಿಗೆ ಬಂದ ಮ್ಯಾಲ ಎರಡು ವರ್ಷ ಬಸ್ಸಿನ ಸಪ್ಪಳಕ್ಕ ಕಿವಿ ಕೊಟ್ಟೆ. ಮೂರನೇ ವರ್ಷ ಕೌದಿ ಹೊಲದೆ."

ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಉಚ್ಚಂಗೆವ್ವನಿಗೆ ಹಗುರಾಗುತ್ತಿತ್ತು. ಅವಳು ರಾಶಿಯಿಂದ ಒಂದು ಕಾಯಿ ತೆಗೆದು ತೊಟ್ಟು ಮುರಿಯಲು ನೋಡಿದಳು. ರೂಢಿಯಿಲ್ಲದ ಕೈಯಲ್ಲಿ ಕಾಯಿ ಒಡೆದು ಬೀಜ ಚೆಲ್ಲಿತು.

"ನಾಳೆಯಿಂದ ನಾಕು ಊರಾಗೂ ಹೋಗತೇನಿ," ಎಂದಳು. "ದಿನಕ್ಕೊಂದು. ಮುಂಜಾನಿ ಟೆಂಪೋ ನಿಲ್ಲೂ ಕಡೆ ನಿಂತು ಹೇಳತೇನಿ, ಜೈತೂನಬಿ ಬೀಜ ಚಲೋ ಇತ್ತು, ನಾ ತಪ್ಪಿ ಕಟ್ಟಿದೆ ಅಂತ."

ಮಲ್ಲಿಕಸಾಬ ಹೊಲಿಯುವ ದಬ್ಬಣ ಕೆಳಗಿಟ್ಟ. "ಮಂದಿ ನಗತಾರ ಯಕ್ಕಾ. ನಿನಗ ಮತ್ತ ಯಾರೂ ಪ್ಲಾಟಿಗೆ ಕರಿಯಂಗಿಲ್ಲ."

"ನಗಲಿ."

ಜೈತೂನಬಿ ಮೊದಲ ಸಲ ಕೈ ನಿಲ್ಲಿಸಿದಳು. ಮೂಗಿನ ಸೆರಗು ಕೆಳಗೆ ಎಳೆದಳು. ನಾಲ್ಕು ವರ್ಷಕ್ಕೆ ಆ ಮುಖ ಸಣ್ಣದಾಗಿತ್ತು, ಎಲೆ ಅಡಿಕೆಯ ಕೆಂಪೂ ಹೋಗಿತ್ತು. "ನಾನೂ ಬರತೇನಿ ನಡಿ," ಎಂದಳು. "ಇಬ್ಬರೂ ಬಾಜೂಕ ನಿಂತು ಹೇಳೂಣು. ಪಂಪಿಂದ ಆಗಿದ್ದು, ಹೊಸಾ ಎಣ್ಣಿ, ಯಾರಿಗೂ ಗೊತ್ತಿರಲಿಲ್ಲ, ಯಾರ ತಪ್ಪೂ ಅಲ್ಲ ಅಂತ. ಹಿಂದ ನಾ ಇದ್ರ ನಿನಗೂ ಧೈರ್ಯ. ಶಬನಮ್ಮನ ಗಂಡನ ಗಾಡಿ ಐತಿ, ಬಿಡತಾನ."

ಉಚ್ಚಂಗೆವ್ವ ಎದ್ದು ನಿಂತಳು. ಸೀರೆಗೆ ಹತ್ತಿದ ಮೆಣಸಿನ ಬೀಜ ಕೊಡವಿಕೊಂಡಳು. ಘಾಟಿಗೆ ಕಣ್ಣು ಇನ್ನೂ ಸುರಿಯುತ್ತಲೇ ಇತ್ತು.

"ಬ್ಯಾಡ ಜೈತು. ನೀ ಬಾಜೂಕ ನಿಂತ್ರ ಮಂದಿ ನಿನ್ನ ಮಾರಿ ನೋಡಿ ನನಗ ಮಾಫ ಮಾಡಿಬಿಡತಾರ. ಪಂಪಿಂದಾತು ಅಂತಾರ, ಎಣ್ಣಿಂದಾತು ಅಂತಾರ, ಚಾ ಕುಡದು ಟೆಂಪೋ ಹತ್ತತಾರ. ಎಲಿ ಸೊಟ್ಟ ಮಾಡಿದ್ದು ಪಂಪು ಇದ್ದೀತು. ನಿಂತ ನಿಲುವಿನ್ಯಾಗ ನಾಕು ಗಂಟು ಹಾಕಿದ್ದು ಈ ಕೈ, ಬೀಜಾ ಎಲ್ಲಿಂದು ಅಂತ ಕೇಳಿದ್ದು ಈ ಬಾಯಿ. ಇಷ್ಟು ವರ್ಷ ನಾ ತಪ್ಪಿ ಕಟ್ಟಿದ್ದು ನೀ ಬಿಚ್ಚಿದಿ, ಸಾಕು. ಇದೊಂದು ನಾನ ಬಿಚ್ಚಬೇಕು. ಗಾಡಿ ಬ್ಯಾಡ, ಯಾರೂ ಬರೂದು ಬ್ಯಾಡ, ಬಸ್ಸಿಗೆ ಹೋಗತೇನಿ. ನೀ ಏಳಬ್ಯಾಡ, ಕುಂದರ."